ದೊಡ್ಡಕ್ಕನ ಮೂಗು

ಆ ಕಟ್ಟಡದಲ್ಲಿ ನೆಲ ಒರೆಸುವವರಿಂದ ಹಿಡಿದು ಲಿಫ್ಟು ನೋಡಿಕೊಳ್ಳುವವನವರೆಗೆ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಶುಚಿ ಕೆಲಸದ ತಂಡಕ್ಕೆ ಅವಳು ಸೂಪರ್‌ವೈಸರ್. ಅದು ಕಂಪನಿ ಕೊಟ್ಟ ಪದವಿ. ದೇವರು ಕೊಟ್ಟ ಪದವಿ ಬೇರೆಯೇ ಇತ್ತು, ಅದು ಅವಳ ಮೂಗು.

ಮೂಗೆಂದರೆ ಅಂಥಿಂಥ ಮೂಗಲ್ಲ. ಶೌಚಾಲಯದ ಬಾಗಿಲಲ್ಲಿ ನಿಂತು ಒಮ್ಮೆ ಉಸಿರೆಳೆದರೆ ಸಾಕು, ಬಕೆಟ್ಟಿಗೆ ಬ್ಲೀಚ್ ಎಷ್ಟು ಬಿದ್ದಿದೆ, ನೀರು ಎಷ್ಟು ಕಡಿಮೆಯಾಗಿದೆ, ಒರೆಸಿದವಳು ಮೂಲೆ ಬಿಟ್ಟು ಬಂದಿದ್ದಾಳೋ ಇಲ್ಲವೋ, ಎಲ್ಲವನ್ನೂ ಹೇಳಿಬಿಡುತ್ತಿದ್ದಳು. ನೆಲಮಾಳಿಗೆಯ ಸ್ಟೋರಿನಲ್ಲಿ ಅಳತೆಯ ಲೋಟಗಳು ಮೊಳೆಗೆ ನೇತುಬಿದ್ದು ಧೂಳು ತಿನ್ನುತ್ತಿದ್ದವು. ಕ್ಯಾನು ಸೀಳಿದರೆ, ತಳದಲ್ಲಿ ಒಂದಿಷ್ಟು ಉಳಿದರೆ, ಕೈಗೆ ಸಿಕ್ಕಿದ ಹಳೇ ಬಾಟಲಿಗೆ ಸುರಿದಿಡುವುದು ಅವಳ ಪದ್ಧತಿ. ಬಾಟಲಿಯ ಮೇಲೆ ಹೆಸರೇ ಇಲ್ಲವಲ್ಲ ದೊಡ್ಡಕ್ಕ ಎಂದು ಯಾರಾದರೂ ಕೇಳಿದರೆ, "ಲೇಬಲ್ ಓದೋದು ಮೂಗಿಲ್ಲದೋರ ಕೆಲಸ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಗದೆ ಇರುವ ಧೈರ್ಯ ಯಾರಿಗಿತ್ತು?

ಕಂಪನಿಯಿಂದ ಆಗಾಗ ಒಬ್ಬ ತರಬೇತಿಯವನು ಬರುತ್ತಿದ್ದ. ಬ್ಲೀಚಿನ ಜೊತೆ ಆಸಿಡ್ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಒಂದರ ಬಾಟಲಿಗೆ ಇನ್ನೊಂದನ್ನು ಸುರಿಯಬೇಡಿ. ಯಾವುದನ್ನೂ ಮೂಸಿ ನೋಡಬೇಡಿ. ಹೆಸರಿಲ್ಲದ ಬಾಟಲಿ ಕಂಡರೆ ಅದನ್ನು ಮುಟ್ಟದೆ ಪಕ್ಕಕ್ಕಿಡಿ. ದೊಡ್ಡಕ್ಕ ಮುಂದಿನ ಸಾಲಿನಲ್ಲೇ ಕೂತು ತಲೆಯಾಡಿಸುತ್ತಿದ್ದಳು. ಅವನು ಗೇಟು ದಾಟಿದ ಮೇಲೆ ಅವನಂತೆಯೇ ಕೈ ತಿರುಗಿಸುತ್ತ "ಮೂಸಿ ನೋಡಬೇಡಿ, ಮೂಸಿ ನೋಡಬೇಡಿ" ಎಂದು ಅಣಕಿಸಿ ಎಲ್ಲರ ಹೊಟ್ಟೆ ಹುಣ್ಣಾಗಿಸುತ್ತಿದ್ದಳು.

ಅಂಥ ಮೂಗು ಒಂದು ಜ್ವರಕ್ಕೆ ಕೈಕೊಟ್ಟಿತು. ಜ್ವರ ಇಳಿದ ಮೇಲೆ ಸ್ನಾನಕ್ಕೆ ಹೋದಳು, ಸೋಪಿಗೆ ಪರಿಮಳವೇ ಇಲ್ಲ. ನಕಲಿ ಮಾಲು ಕೊಟ್ಟಿದ್ದಾನೆಂದು ಒದ್ದೆ ತಲೆಯಲ್ಲೇ ಅಂಗಡಿಗೆ ಹೋಗಿ ಅಂಗಡಿಯವನ ಜನ್ಮ ಜಾಲಾಡಿದಳು. ಅವನು ಹೊಸ ಸೋಪು ಬಿಚ್ಚಿ ಅವಳ ಮೂಗಿಗೆ ಹಿಡಿದ. ಅದಕ್ಕೂ ಪರಿಮಳವಿರಲಿಲ್ಲ. ದೊಡ್ಡಕ್ಕ ಆ ಸೋಪಿಗೂ ದುಡ್ಡು ಕೊಟ್ಟು ಮನೆಗೆ ಬಂದಳು.

ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದದ್ದೇ ಬಂತು. ಕಣ್ಣು ಮಂಜಾದರೆ ಕನ್ನಡಕ ಹಾಕಿಕೊಳ್ಳಬಹುದು, ಮೂಗಿಗೆ ಏನು ಹಾಕಿಕೊಳ್ಳುವುದು? ಡಾಕ್ಟರ ಹತ್ತಿರ ಹೋದರೆ ಸುದ್ದಿ ಬಯಲಾಗುತ್ತದೆ. ಸುದ್ದಿ ಬಯಲಾದರೆ, ಇಷ್ಟು ವರ್ಷ ತಾನು ಬೈದವರೆಲ್ಲ ಹಲ್ಲು ಕಿಸಿಯುತ್ತಾರೆ. ಆ ನಗುವನ್ನು ನೆನೆಸಿಕೊಂಡರೇ ಅವಳ ಮೈ ಹಿಡಿಯಷ್ಟಾಗುತ್ತಿತ್ತು. ಹಾಗಾಗಿ ಅವಳು ನಟಿಸಲು ಕಲಿತಳು. ಶೌಚಾಲಯದ ಬಾಗಿಲಲ್ಲಿ ಮೊದಲಿನಂತೆಯೇ ನಿಂತು ಉಸಿರೆಳೆಯುವಳು, ಆದರೆ ಕಣ್ಣೆಲ್ಲ ಪಕ್ಕದಲ್ಲಿದ್ದವರ ಮುಖದ ಮೇಲೆ. ಅವರು ಮುಖ ಕಿವುಚಿದರೆ "ಬ್ಲೀಚ್ ಜಾಸ್ತಿ ಆಯ್ತು" ಎನ್ನುವಳು, ಇಲ್ಲದಿದ್ದರೆ "ಪರವಾಗಿಲ್ಲ" ಎನ್ನುವಳು. ಬಾಟಲಿಗಳನ್ನು ಬಣ್ಣದಿಂದ, ಅಲ್ಲಾಡಿಸಿದಾಗ ಏಳುವ ನೊರೆಯಿಂದ ಗುರುತು ಹಿಡಿಯುವಳು. ಗುರುತು ಸಿಗದಿದ್ದರೆ ಊಹಿಸುವಳು. ಊಹಿಸಿದ್ದನ್ನು ಮೊದಲಿಗಿಂತ ಗಟ್ಟಿಯಾಗಿ ಹೇಳುವಳು.

ಈ ನಡುವೆ ಮಗನಿಗೆ ಮದುವೆಯಾಗಿ ಸೊಸೆ ಮನೆಗೆ ಬಂದಿದ್ದಳು. ಮನೆಯಲ್ಲಿ ಸುಮ್ಮನೆ ಕೂರುವ ಹುಡುಗಿಯಲ್ಲ. ತಾನೂ ಕೆಲಸಕ್ಕೆ ಬರುತ್ತೇನೆಂದಳು, ದೊಡ್ಡಕ್ಕ ತನ್ನ ತಂಡಕ್ಕೇ ಸೇರಿಸಿಕೊಂಡಳು. ಸೊಸೆಗೆ ಒಂದು ಚಾಳಿ. ಬಾಟಲಿ ಎತ್ತಿದ ಕೂಡಲೇ ತಿರುಗಿಸಿ ಹಿಂದಿನ ಸಣ್ಣಕ್ಷರವನ್ನೆಲ್ಲ ಓದುವಳು, ಖಾಲಿ ಬಾಟಲಿಗೆ ಏನಾದರೂ ತುಂಬಿದರೆ ಟೇಪು ಅಂಟಿಸಿ ಹೆಸರು ಬರೆಯುವಳು. "ನನ್ನ ಸ್ಟೋರಲ್ಲಿ ಇಸ್ಕೂಲು ನಡೆಸಬೇಡ ಕಣೇ" ಎಂದು ದೊಡ್ಡಕ್ಕ ಎಲ್ಲರೆದುರು ರೇಗಿಸಿದರೆ, ಹುಡುಗಿ ನಕ್ಕು ಸುಮ್ಮನಾಗುವಳು.

ಆ ದಿನ ಬೆಳಿಗ್ಗೆ ಸ್ಟೋರಿಗೆ ಮ್ಯಾನೇಜರು ಬಂದಿದ್ದರು, ಒಬ್ಬರೇ ಅಲ್ಲ. ಕಟ್ಟಡದ ಮಾಲೀಕರ ಕಡೆಯ ಒಬ್ಬ ಅಧಿಕಾರಿಯನ್ನು ಕರೆತಂದು ಇಂಚಿಂಚೂ ತೋರಿಸುತ್ತಿದ್ದರು. ತಂಡದ ಹೆಂಗಸರು ಸಾಲಾಗಿ ನಿಂತಿದ್ದರು. ಅದೇ ಹೊತ್ತಿಗೆ ಸೊಸೆ ಕೆಳಗಿಳಿದು ಬಂದಳು. ಮೇಲಿನ ಶೌಚಾಲಯದಲ್ಲಿ ಟೈಲ್ಸಿನ ಸಂದುಗಳಿಗೆ ಬ್ಲೀಚ್ ಸುರಿದು ನೆನೆಯಲು ಬಿಟ್ಟು, ನೆಲ ತೊಳೆಯುವ ಲಿಕ್ವಿಡ್ ಒಯ್ಯಲು ಬಂದಿದ್ದಳು. ಕಪಾಟಿನಲ್ಲಿ ಅವಳ ಕೈಗೆ ಸಿಕ್ಕಿದ್ದು ಹೆಸರಿಲ್ಲದ ಒಂದು ಬಾಟಲಿ. ಒಳಗೆ ಹಳದಿ ನೀರು. ಅದನ್ನು ತಿರುಗಿಸಿ ನೋಡಿ, ಪಕ್ಕಕ್ಕಿಡಲು ಹೋದಳು.

"ಅದನ್ನ ದೊಡ್ಡಕ್ಕನ ಕೈಗೆ ಕೊಡಮ್ಮ" ಎಂದರು ಮ್ಯಾನೇಜರು. ಅಧಿಕಾರಿಯ ಕಡೆ ತಿರುಗಿ, "ಸಾರ್, ಒಂದ್ನಿಮಿಷ ಇಲ್ಲಿ ನೋಡಿ. ಮೆಷಿನ್ನು ಗಿಷಿನ್ನು ಏನೂ ಬೇಡ ನಮಗೆ. ಈಯಮ್ಮನ ಮೂಗೊಂದಿದ್ರೆ ಸಾಕು" ಎಂದು ಹೆಮ್ಮೆಪಟ್ಟುಕೊಂಡರು.

ದೊಡ್ಡಕ್ಕ ಕೈ ಚಾಚಿದಳು. ಸೊಸೆ ಬಾಟಲಿ ಕೊಟ್ಟಳು, ಆದರೆ ಕೈ ಬಿಡಲಿಲ್ಲ. ಒಂದು ಗಳಿಗೆ ಅತ್ತೆ ಸೊಸೆ ಇಬ್ಬರ ಕೈಯೂ ಅದರ ಮೇಲಿತ್ತು. ಹುಡುಗಿ ಅವಳ ಮುಖವನ್ನೇ ನೋಡುತ್ತಿದ್ದಳು. ದೊಡ್ಡಕ್ಕ ಕಿತ್ತುಕೊಂಡಳು. ಮುಚ್ಚಳ ತೆಗೆದು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಸಭೆಗೆ ತೋರುವಂತೆ ಉದ್ದಕ್ಕೆ ಉಸಿರೆಳೆದಳು. ವಾಸನೆ ಏನೂ ಬರಲಿಲ್ಲ. ಗಂಟಲಲ್ಲಿ ಮಾತ್ರ ಚುರ್ ಎಂದು ಏನೋ ಕಚ್ಚಿದಂತಾಯಿತು. ಆ ಕಚ್ಚುವಿಕೆ ಒಂದು ಮಾತು ಹೇಳುತ್ತಿತ್ತು. ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಅವಳಿಗಿರಲಿಲ್ಲ, ಅಧಿಕಾರಿ ಕಾಯುತ್ತಿದ್ದರು.

"ನೆಲದ ಲಿಕ್ವಿಡ್ಡು" ಎಂದಳು. ಸೊಸೆ ಇನ್ನೂ ನಿಂತೇ ಇದ್ದಳು. "ಏನೇ ಹಾಗೆ ನೋಡ್ತಿದ್ದೀಯಾ? ತಗೊಂಡ್ ಹೋಗು, ಕೆಲಸ ನೋಡು."

ಅಧಿಕಾರಿ ಮೂಗಿನ ಮೇಲೆ ಬೆರಳಿಟ್ಟುಕೊಂಡು, "ಭೇಷ್" ಎಂದರು. ಸೊಸೆ ಬಾಟಲಿ ಹಿಡಿದು ಮೆಟ್ಟಿಲು ಹತ್ತಿದಳು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೂಗಾಟ ಕೇಳಿಸಿತು. ದೊಡ್ಡಕ್ಕ ಓಡಿ ಹೋಗುವಷ್ಟರಲ್ಲಿ ಶೌಚಾಲಯದ ಹೊರಗೆ ಜನ ಸೇರಿದ್ದರು. ಎಲ್ಲರೂ ತೋಳಿನಿಂದ ಮೂಗು ಮುಚ್ಚಿಕೊಂಡು, ಕೆಮ್ಮುತ್ತ, ಹಿಂದೆ ಹಿಂದೆ ಸರಿಯುತ್ತಿದ್ದರು. ಒಬ್ಬರೂ ಒಳಗೆ ಕಾಲಿಡಲಾರರು. ದೊಡ್ಡಕ್ಕ ನೇರ ನುಗ್ಗಿದಳು. ಕಣ್ಣು ಉರಿಯಿತು, ಎದೆಯಲ್ಲಿ ಕೆಂಡ ಬಿದ್ದಂತಾಯಿತು, ಆದರೆ ಎಲ್ಲರನ್ನೂ ಹಿಂದಕ್ಕೆ ತಳ್ಳುತ್ತಿದ್ದ ಆ ಘಾಟು ಅವಳ ಪಾಲಿಗೆ ಇರಲೇ ಇಲ್ಲ. ಸೊಸೆ ಗೋಡೆ ಹಿಡಿದು ಕುಸಿದಿದ್ದಳು. ಬಾಯಿಂದ ಮಾತಿಲ್ಲ, ಬರೀ ಕೆಮ್ಮು. ಪಕ್ಕದಲ್ಲಿ ಆ ಬಾಟಲಿ ಅರ್ಧ ಖಾಲಿಯಾಗಿ ಬಿದ್ದಿತ್ತು. ದೊಡ್ಡಕ್ಕ ಹುಡುಗಿಯ ಕಂಕುಳಿಗೆ ಕೈಹಾಕಿ ಹೊರಗೆಳೆದು, ಕಿಟಕಿಗಳಿದ್ದ ಪಡಸಾಲೆಯವರೆಗೆ ತಂದು ಮಲಗಿಸಿದಳು.

"ಎಂಥಾ ಧೈರ್ಯ ರೀ ಈಯಮ್ಮಂದು!" ಎಂದು ಯಾರೋ ಹೇಳಿದರು.

ಆಸ್ಪತ್ರೆಯ ಗಾಡಿಯಲ್ಲಿ ಕೂತಾಗ ಅವಳಿಗೆ ನೆನಪಾಯಿತು. ನಲ್ಲಿಗಳ ಸುತ್ತ ಕಟ್ಟುವ ಬಿಳಿ ಕಲೆ ತೆಗೆಯುವ ಆಸಿಡ್ಡಿನ ಕ್ಯಾನು ಈಚೆಗೆ ಸೀಳಿತ್ತು. ಉಳಿದದ್ದನ್ನು ನೆಲದ ಲಿಕ್ವಿಡ್ಡಿನ, ಲೇಬಲ್ ಕಿತ್ತುಹೋದ ಹಳೇ ಬಾಟಲಿಗೆ ಸುರಿದಿಟ್ಟವಳು ತಾನೇ. ಆಸಿಡ್ ಹೋಗಿ ಬ್ಲೀಚಿಗೆ ಬಿದ್ದಿದೆ. ತರಬೇತಿಯವನು ಮಾಡಬೇಡಿ ಎಂದದ್ದನ್ನೆಲ್ಲ ಒಂದೂ ಬಿಡದೆ ಮಾಡಿದ್ದಳು, ಬ್ಲೀಚಿಗೆ ಆಸಿಡ್ ಸೇರಿಸುವುದನ್ನು ಮಾತ್ರ ಸೊಸೆಯ ಕೈಯಿಂದ ಮಾಡಿಸಿದ್ದಳು. ನೆಲ ಬಾಯಿ ಬಿಟ್ಟರೆ ಇಳಿದುಹೋಗಬಹುದಿತ್ತು. ಗಾಡಿಯ ನೆಲ ಬಾಯಿ ಬಿಡಲಿಲ್ಲ.

"ಏನೇನು ಸೇರಿದೆ, ಗೊತ್ತಾ?" ಎಂದು ಡಾಕ್ಟರು ಕೇಳಿದರು.

"ಬ್ಲೀಚು, ಆಸಿಡ್ಡು" ಎಂದಳು ದೊಡ್ಡಕ್ಕ. ಅಷ್ಟಕ್ಕೇ ನಿಲ್ಲಬಹುದಿತ್ತು. ಡಾಕ್ಟರು ತಲೆಯೆತ್ತಿ ನೋಡಿದರು, ಆ ನೋಟಕ್ಕೆ ಅವಳ ನಾಲಿಗೆ ತಾನಾಗಿ ಹೊರಳಿತು. "ಹೊಸಬಳು ಡಾಕ್ಟ್ರೇ. ಪಾಪ, ಗೊತ್ತಾಗಲಿಲ್ಲ ಅವಳಿಗೆ."

ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿಸಿಕೊಂಡು ಮಲಗಿದ್ದ ಸೊಸೆ ಕಣ್ಣು ತೆರೆದು ಅವಳನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು.

ಮಗ ಕೆಲಸ ಬಿಟ್ಟು ಓಡಿ ಬಂದ. ಹೆಂಡತಿಯ ಜೀವಕ್ಕೆ ಅಪಾಯವಿಲ್ಲ, ಎದೆಯ ಉರಿ ಇಳಿಯಲು ಸ್ವಲ್ಪ ದಿನ ಬೇಕು ಎಂದು ತಿಳಿದ ಮೇಲೆ ಭಯವೆಲ್ಲ ಸಿಟ್ಟಾಗಿ ತಿರುಗಿತು. "ನಿನ್ನ ಕೈ ಕೆಳಗಿದ್ದೂ ಇವಳು ಇಷ್ಟು ಕಲೀಲಿಲ್ವಲ್ಲಮ್ಮ. ನಿನ್ನ ಮರ್ಯಾದೆ ಏನಾಗಬೇಕು?" ಎಂದ.

"ಬೈಬೇಡ ಕಣೋ, ಬಿಡು. ಮಕ್ಕಳು ತಪ್ಪು ಮಾಡ್ತಾವೆ" ಎಂದಳು ದೊಡ್ಡಕ್ಕ.

ಆ ದೊಡ್ಡತನದ ಮಾತು ಬಾಯಿಂದ ಬಿದ್ದದ್ದೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಇಷ್ಟು ವರ್ಷ ಜನರ ಹೇಸಿಗೆಯನ್ನೆಲ್ಲ ಕೈಯಾರೆ ತೊಳೆದವಳು, ಯಾವತ್ತೂ ಮುಖ ತಿರುಗಿಸಿದವಳಲ್ಲ. ಈಗ ತನ್ನ ಮುಖವನ್ನೇ ನೋಡಲಾರದೆ, ಆಸ್ಪತ್ರೆಯ ಕೈತೊಳೆಯುವ ಜಾಗದಲ್ಲಿ ಕನ್ನಡಿಗೆ ಬೆನ್ನು ಹಾಕಿ ನಿಂತು ಕೈ ತೊಳೆದಳು.

ಸೊಸೆ ಮನೆಗೆ ಬಂದ ಮೇಲೆ ಮ್ಯಾನೇಜರು ಫೋನು ಮಾಡಿದರು. ಅಧಿಕಾರಿಗಳು ಬಹಳ ಸಂತೋಷಪಟ್ಟಿದ್ದಾರಂತೆ, ಜೀವದ ಹಂಗು ತೊರೆದು ನುಗ್ಗಿದ ದೊಡ್ಡಕ್ಕನಿಗೆ ಸನ್ಮಾನ ಮಾಡಬೇಕಂತೆ. "ಎಲ್ಲರನ್ನೂ ಊಟದ ಹಾಲ್‌ಗೆ ಸೇರಿಸ್ತೀನಿ. ನೀವೂ ನಾಲ್ಕು ಮಾತು ಹೇಳಿ, ಬ್ಲೀಚು, ಆಸಿಡ್ಡು, ಸುರಕ್ಷತೆ ಅಂತ. ನಿಮ್ಮ ಬಾಯಲ್ಲಿ ಬಂದ್ರೆ ಕೇಳ್ತಾರೆ." ದನಿ ತಗ್ಗಿಸಿದರು. "ಆ ಹುಡುಗೀನ ಮಾತ್ರ ಇಟ್ಕೊಳ್ಳೋಕೆ ಆಗಲ್ಲ ದೊಡ್ಡಕ್ಕ. ನೀವು ಮೂಸಿ ಕೊಟ್ಟಿದ್ದು ಸರಿಯಾಗೇ ಇರುತ್ತೆ, ಮೇಲೆ ಹೋಗಿ ಅವಳೇ ಇನ್ನೇನೋ ಬೆರೆಸಿದ್ದಾಳೆ. ತಪ್ಪು ತಿಳ್ಕೋಬೇಡಿ."

"ಹ್ಞೂಂ" ಎಂದಳು ದೊಡ್ಡಕ್ಕ. ಫೋನಿಟ್ಟು ಅಡುಗೆಮನೆಗೆ ಹೋದಳು. ಸೊಸೆಗೆಂದು ಸಣ್ಣ ಉರಿಯಲ್ಲಿ ಹಾಲಿಟ್ಟಿದ್ದಳು. ಒಲೆಯ ಪಕ್ಕದಲ್ಲೇ ನಿಂತು ಕಿಟಕಿಯಾಚೆ ನೋಡುತ್ತ, ಒಂದು "ಹ್ಞೂಂ"ಗೆ ಆ ಹುಡುಗಿಯ ಕೆಲಸ ತೆಗೆದುಬಿಟ್ಟೆನಲ್ಲ ಎಂದು ಯೋಚಿಸುತ್ತಿದ್ದಳು.

"ಅತ್ತೆ" ಎಂದು ಒಳಕೋಣೆಯಿಂದ ಒಡಕು ದನಿ ಬಂತು. "ಹಾಲು ತಳ ಹಿಡೀತಾ ಇದೆ."

ದೊಡ್ಡಕ್ಕ ಬೆಚ್ಚಿ ಒಲೆ ಆರಿಸಿದಳು. ಸೌಟಿನಿಂದ ಕೆರೆದರೆ ತಳದಲ್ಲಿ ಕಪ್ಪು ಪದರ. ಗೋಡೆಯಾಚೆ ಮಲಗಿದವಳಿಗೆ, ಅದೂ ಮೊನ್ನೆ ತಾನೇ ಎದೆ ಸುಟ್ಟುಕೊಂಡವಳಿಗೆ ಗೊತ್ತಾಗಿದೆ. ಪಾತ್ರೆಯ ಪಕ್ಕದಲ್ಲೇ ನಿಂತವಳಿಗೆ ಗೊತ್ತಾಗಿಲ್ಲ. ಅವಳು ಬರಿಗೈಯಲ್ಲೇ ಒಳಕೋಣೆಯ ಬಾಗಿಲಿಗೆ ಹೋಗಿ ನಿಂತಳು.

"ನಿನಗೆ ಗೊತ್ತಿತ್ತಾ?"

"ಏನು ಅತ್ತೆ?"

"ಏನು ಅಂತ ನನ್ನ ಬಾಯಲ್ಲಿ ಹೇಳಿಸಬೇಡ."

ಸೊಸೆ ಹೊದಿಕೆಯ ಅಂಚು ಸರಿಮಾಡಿಕೊಂಡಳು. "ಗೊತ್ತಿತ್ತು. ಒಂದ್ಸಲ ಕೆಟ್ಟುಹೋದ ಹಾಲಿಗೆ ಸಕ್ಕರೆ ಹಾಕಿ ನಿಮ್ಮ ಮಗನಿಗೆ ಕೊಟ್ರಲ್ಲ, ಆವತ್ತೇ ಗೊತ್ತಾಯ್ತು."

"ಅವನು ಕುಡಿದನಲ್ಲೇ!"

"ಇಲ್ಲ ಅತ್ತೆ. ನಾನು ಲೋಟ ಬದಲಾಯಿಸಿದೆ. ಅವರಿಗೂ ಹೇಳಿಲ್ಲ."

ದೊಡ್ಡಕ್ಕ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಕೇಳಬಾರದು ಎನಿಸಿದರೂ ಕೇಳದೆ ಇರಲಾಗಲಿಲ್ಲ. "ಗೊತ್ತಿದ್ದೂ ಆ ಬಾಟ್ಲಿ ಯಾಕೆ ತಗೊಂಡ್ ಹೋದೆ?"

ಹುಡುಗಿಗೆ ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೆ ಇಬ್ಬರೂ ಕಾದರು. "ಅಷ್ಟು ಜನರ ಮುಂದೆ, ನಿಮಗೆ ವಾಸನೆ ಬರಲ್ಲ ಅಂತ ಹೆಂಗೆ ಹೇಳಲಿ ಅತ್ತೆ? ಮೇಲೆ ತಗೊಂಡ್ ಹೋಗಿ ಮೂಲೇಲಿ ಇಟ್ಟು, ಆಮೇಲೆ ಬೇರೆ ತರೋಣ ಅಂತಿದ್ದೆ. ಆಮೇಲೆ ಅನ್ನಿಸ್ತು, ಇಷ್ಟು ಗಟ್ಟಿಯಾಗಿ ಹೇಳಿದ್ರಲ್ಲ, ಬಣ್ಣ ನೋಡಿಯಾದ್ರೂ ಗೊತ್ತಾಗಿರುತ್ತೆ ಅಂತ. ನಿಮ್ಮನ್ನ ಅನುಮಾನ ಪಡೋದು ಬೇಡ ಅನ್ನಿಸ್ತು."

ದೊಡ್ಡಕ್ಕನಿಗೆ ಅಳು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ಕಿವಿಯಿಂದ ಕತ್ತಿನವರೆಗೆ ಬಿಸಿಯೇರಿತು, ಅಷ್ಟೆ. ತನ್ನ ಮಾನ ಉಳಿಸಲು ಈ ಹುಡುಗಿ ಆ ಬಾಟಲಿ ಹೊತ್ತು ಮೆಟ್ಟಿಲು ಹತ್ತಿದ್ದಳು. ತಾನು ಅದೇ ಮಾನ ಉಳಿಸಿಕೊಳ್ಳಲು ಅವಳ ತಲೆಯ ಮೇಲೆ ತಪ್ಪು ಹೊರಿಸಿದ್ದಳು.

ಸನ್ಮಾನದ ದಿನ ಊಟದ ಹಾಲ್‌ನ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಮ್ಯಾನೇಜರು ಮಾತಾಡಿದರು, ಅಧಿಕಾರಿ ಹೂಗುಚ್ಛ ಕೊಟ್ಟರು, ಚಪ್ಪಾಳೆ ಬಿತ್ತು. ದೊಡ್ಡಕ್ಕ ಹೂವನ್ನು ಕುರ್ಚಿಯ ಮೇಲಿಟ್ಟು ಎದ್ದು ನಿಂತಳು. ಎದುರಿಗೆ ತಂಡದ ಹೆಂಗಸರು, ನೀಲಿ ಸಮವಸ್ತ್ರದಲ್ಲಿ.

"ಆ ಬಾಟ್ಲಿಗೆ ಆಸಿಡ್ ಸುರಿದಿಟ್ಟೋಳು ನಾನು" ಎಂದಳು. "ನೆಲದ ಲಿಕ್ವಿಡ್ ಅಂತ ಕೊಟ್ಟು ಕಳಿಸಿದೋಳೂ ನಾನೇ. ಹುಡುಗಿ ಪಕ್ಕಕ್ಕಿಡೋಕೆ ಹೋಗಿದ್ಲು, ನಾನು ಬಿಡಲಿಲ್ಲ." ಉಸಿರು ಎಳೆದುಕೊಂಡಳು. "ನನಗೆ ವಾಸನೆ ಬರಲ್ಲ. ಜ್ವರ ಬಂದಾಗಿನಿಂದ ಏನೇನೂ ಬರಲ್ಲ. ಅವತ್ತು ಒಳಗೆ ನುಗ್ಗಿದ್ದೂ ಧೈರ್ಯ ಅಲ್ಲ. ನೀವೆಲ್ಲ ಹಿಂದೆ ಸರಿದದ್ದು ಯಾಕೆ ಅಂತ ನನಗೆ ತಿಳೀಲೇ ಇಲ್ಲ."

ಇಷ್ಟು ದಿನ ಹೆದರಿದ್ದ ನಗು ಯಾವ ಮೂಲೆಯಿಂದ ಏಳುತ್ತದೋ ಎಂದು ಅವಳು ಕಾದಳು. ನಕ್ಕವರು ಮ್ಯಾನೇಜರೊಬ್ಬರೇ, ಅದೂ ಅಕ್ಕರೆಯ ನಗು. "ಅತ್ತೆ ಅಂದ್ರೆ ಹೀಗಿರಬೇಕು ನೋಡಿ ಸಾರ್" ಎಂದರು ಅಧಿಕಾರಿಗೆ. "ಸೊಸೆ ಕೆಲಸ ಉಳಿಸೋಕೆ ತನ್ನ ಮೇಲೇ ಹಾಕ್ಕೋತಿದ್ದಾರೆ. ಬೇಡ ದೊಡ್ಡಕ್ಕ, ಕೂತ್ಕೊಳ್ಳಿ. ನಿಮ್ಮ ಮೂಗು ನಮಗೆ ಗೊತ್ತಿಲ್ವಾ?"

ಮತ್ತೆ ಚಪ್ಪಾಳೆ ಬಿತ್ತು. ಮೊದಲಿಗಿಂತ ಜೋರಾಗಿ. ದೊಡ್ಡಕ್ಕ ನಿಂತಲ್ಲೇ ಬೆಪ್ಪಾದಳು. ಕೂತರೆ ಮುಗಿಯಿತು. ಹೇಳಿದ್ದೂ ಆಯಿತು, ಮಾನವೂ ಉಳಿಯಿತು, ಮೇಲೊಂದು ತ್ಯಾಗದ ಹೆಸರು ಬೇರೆ. ಅವಳ ಮೊಣಕಾಲು ಬಾಗಲು ನೋಡಿತು ಎಂಬುದನ್ನು ಮುಚ್ಚಿಡುವುದು ಬೇಡ.

"ನನಗೆ ಬರಲ್ಲ ಅಂದ್ರೆ ಬರಲ್ಲ!" ಎಂದು ಅವಳು ಕಿರುಚಿದಳು. "ಇಷ್ಟು ದಿನ ಮೂಸಿ ಕೊಟ್ಟಿದ್ದೆಲ್ಲ ಸುಳ್ಳು. ಊಹೆ ಮೇಲೆ ಕೊಟ್ಟಿದ್ದು. ನಂಬ್ರಿ."

ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿದ್ದು ನಿಂತುಹೋಯಿತು. ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. ಎತ್ತರದ ಆಳು, ಎಲ್ಲರೂ ಉದ್ದಕ್ಕ ಎನ್ನುತ್ತಿದ್ದರು. ಈ ಹಾಲ್‌ನ ಮೇಜುಗಳನ್ನು ಒರೆಸುವವಳು ಅವಳೇ, ಮಾತು ಕಡಿಮೆ. ಗೋಡೆ ಪಕ್ಕದ ತನ್ನ ತಳ್ಳುಗಾಡಿಗೆ ಹೋಗಿ ಒಂದು ಬಾಟಲಿ ತೆಗೆದುಕೊಂಡು ಮುಂದೆ ಬಂದಳು. ಅದರ ಮೇಲೂ ಹೆಸರಿರಲಿಲ್ಲ.

"ಹಾಗಾದ್ರೆ ಇದೇನು ದೊಡ್ಡಕ್ಕ?" ಎಂದು ಕೇಳಿದಳು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಬೇಕಾಗಿ. "ಮೇಜು ಒರೆಸೋಕೆ ಅಂತ ನೀವೇ ಮೂಸಿ ಕೊಟ್ಟಿದ್ದು. ಬರೀ ಸೋಪಿನ ನೀರು, ಗ್ಲೌಸ್ ಯಾಕೆ ಅಂದ್ರಿ."

ಬಾಟಲಿಯನ್ನು ಕುರ್ಚಿಯ ಮೇಲಿನ ಹೂವಿನ ಪಕ್ಕದಲ್ಲಿಟ್ಟು, ಎರಡೂ ಕೈ ಬಿಚ್ಚಿ ತೋರಿಸಿದಳು. ಅಂಗೈ ಕೆಂಪಗೆ ಸುಲಿದಿತ್ತು. ಬೆರಳ ಸಂದುಗಳಲ್ಲಿ ಚರ್ಮ ಬಿರಿದು ಒಳಗಿನ ಹಸಿಮಾಂಸ ಕಾಣುತ್ತಿತ್ತು. ಮುಂದಿನ ಸಾಲಿನವರು ಮುಖ ತಿರುಗಿಸಿದರು. ಈಗ ನಂಬದೆ ಉಳಿದವರು ಆ ಹಾಲ್‌ನಲ್ಲಿ ಯಾರೂ ಇರಲಿಲ್ಲ.

"ಆ ಹುಡುಗಿ ಗುಣವಾದ ಮೇಲೆ ಕೆಲಸಕ್ಕೆ ಬರಲಿ" ಎಂದು ಅಧಿಕಾರಿ ಮೆಲ್ಲಗೆ ಹೇಳಿದರು. ದೊಡ್ಡಕ್ಕ ಬಂದದ್ದು ಆ ಮಾತಿಗಾಗಿಯೇ. ಅದು ಸಿಕ್ಕಿತು. ಆದರೆ ಅವಳು ಅದನ್ನು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ, ಆ ಕೈಗಳನ್ನೇ ನೋಡುತ್ತಿದ್ದಳು.

"ಯಾವಾಗಿಂದ ಹೀಗಿದೆ ಕಣೇ? ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ, ನಾಜೂಕು ಮಾಡ್ತೀಯಾ ಅಂತ ಎಲ್ಲರ ಮುಂದೆ ಅಣಕಿಸ್ತಿದ್ರಿ" ಎಂದಳು ಉದ್ದಕ್ಕ. "ಹೋಗ್ಲಿ ಬಿಡಿ. ಇದರಲ್ಲಿ ಏನಿದೆ ಅಂತ ಹೇಳಿ, ಡಾಕ್ಟ್ರಿಗೆ ಹೇಳಬೇಕು."

ದೊಡ್ಡಕ್ಕ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ತಿರುಗಿಸಿ ನೋಡಿದಳು. ಅಲ್ಲಾಡಿಸಿ ನೊರೆ ನೋಡಿದಳು. ಎಲ್ಲರೂ ಕಾಯುತ್ತಿದ್ದರು.

"ಗೊತ್ತಿಲ್ಲ ಕಣೇ" ಎಂದಳು.